ಸ್ನಾನದ ಕುರ್ಚಿ: ಸುಸ್ತಿಗೆಂದೇ ಕೊಂಡೆ, ಕೊಂಡದ್ದು ಸಾರ್ಥಕ

ಕೂತು ಸ್ನಾನ ಮಾಡುವ ಕುರ್ಚಿಯ ಬಗ್ಗೆ ಬರೆಯುತ್ತಿದ್ದೇನೆ. ಅಲ್ಯೂಮಿನಿಯಂ ಕಾಲು, ತೂತುಗಳಿರುವ ಪ್ಲಾಸ್ಟಿಕ್ ಸೀಟು, ಬೆನ್ನಿಗೆ ಒರಗು, ಎರಡೂ ಕಡೆ ಕೈ ಊರಲು ಹಿಡಿ. ವಾಕರ್, ಊರುಗೋಲು ಮಾರುವ ಕಡೆಯೇ ಇದೂ ಸಿಗುತ್ತದೆ. ವಯಸ್ಸಾದವರು ಜಾರಿ ಬೀಳದಿರಲಿ ಅಂತ ಕೊಳ್ಳುವವರೇ ಜಾಸ್ತಿ. ನನಗೆ ನಲವತ್ತೆರಡು ವರ್ಷ. ಆರಾಮಾಗಿ ನಡೆದಾಡುತ್ತೇನೆ, ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ನಾನಿದನ್ನು ಕೊಂಡದ್ದು ರುಮಟಾಯ್ಡ್ ಆರ್ಥ್ರೈಟಿಸ್ ಅನ್ನುವ, ಕೀಲುಗಳು ಊದಿ ನೋಯುವ ಕಾಯಿಲೆ ತರುವ ಸುಸ್ತಿಗಾಗಿ. ಒಂದು ವರ್ಷಕ್ಕೂ ಹೆಚ್ಚು ಬಳಸಿದ ಮೇಲೆ ಧೈರ್ಯವಾಗಿ ಹೇಳಬಲ್ಲೆ: ಈ ಕಾಯಿಲೆಗೆ ಅಂತ ಮನೆಗೆ ತಂದ ವಸ್ತುಗಳಲ್ಲಿ ನನ್ನ ದಿನವನ್ನು ನಿಜವಾಗಿ ಬದಲಿಸಿದ್ದು ಇದೊಂದೇ.

ಈ ಸುಸ್ತು ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ರಾತ್ರಿ ಚೆನ್ನಾಗಿ ನಿದ್ದೆ ಮಾಡಿ ಎದ್ದರೂ ಮೈ ನೀರು ಕುಡಿದ ಗೋಣಿಚೀಲದ ಹಾಗೆ ಭಾರ. ಕೆಲಸ ಮಾಡಿ ದಣಿದದ್ದಾದರೆ ಕೂತರೆ ಕಡಿಮೆಯಾಗುತ್ತದೆ. ಇದು ಏನೂ ಮಾಡದಿದ್ದರೂ ಬರುತ್ತದೆ. ಮಾತಾಡುತ್ತಿರುವಾಗ ಮುಂದಿನ ಪದ ಸಿಗುವುದಿಲ್ಲ. ಗೊತ್ತಿರುವ ಲೆಕ್ಕದ ನಡುವೆ ತಲೆ ನಿಂತುಬಿಡುತ್ತದೆ. ಬೆರಳು ಊದಿದ್ದರೆ ನೋಡಿದವರಿಗೆ ಕಾಣುತ್ತದೆ, ಇದು ಯಾರಿಗೂ ಕಾಣುವುದಿಲ್ಲ. "ನಮಗೂ ಸುಸ್ತಾಗುತ್ತಪ್ಪ" ಅನ್ನುವವರು ಕೆಟ್ಟವರೇನಲ್ಲ. ಅವರಿಗೆ ಗೊತ್ತಿರುವ ಸುಸ್ತು ಬೇರೆ, ಅಷ್ಟೇ.

ಇದು ಸೋಮಾರಿತನವೂ ಅಲ್ಲ, ಬರೀ ಮನಸ್ಸಿನದೂ ಅಲ್ಲ. ಈ ಕಾಯಿಲೆಯಲ್ಲಿ ನಮ್ಮ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಒಳಪದರದ ಮೇಲೆ ಬೀಳುತ್ತದೆ. ಆಗ ರಕ್ತದಲ್ಲಿ ಓಡಾಡುವ ಟಿಎನ್ಎಫ್, ಇಂಟರ್‌ಲ್ಯೂಕಿನ್-6 ಥರದ ಉರಿಯೂತದ ಅಂಶಗಳು ಮಿದುಳಿನ ಮೇಲೂ ಕೆಲಸ ಮಾಡುತ್ತವೆ. ಜ್ವರ ಬಂದಾಗ ಮೈ ಸೋಲುತ್ತದಲ್ಲ, ಅದಕ್ಕೂ ಇದೇ ಕಾರಣ. ಜೊತೆಗೆ ಕಾಯಿಲೆಯಿಂದ ಬರುವ ರಕ್ತಹೀನತೆ, ನೋವಿಗೆ ಮುರಿಯುವ ನಿದ್ದೆ, ಬಳಸದೆ ಸೋತ ಸ್ನಾಯು. ಈ ಕಾಯಿಲೆಗೆ ವಾರಕ್ಕೊಮ್ಮೆ ಕೊಡುವ ಔಷಧಿ ಮೆಥೊಟ್ರೆಕ್ಸೇಟ್ ತೆಗೆದುಕೊಂಡ ಮರುದಿನ ಕೆಲವರಿಗೆ ಸುಸ್ತು ಇನ್ನೂ ಜಾಸ್ತಿ. ನನಗೂ ಹಾಗೇ. ಊತ ಹತೋಟಿಗೆ ಬಂದ ಮೇಲೂ ಬಹಳ ಜನರಲ್ಲಿ ಸುಸ್ತು ಉಳಿದುಬಿಡುತ್ತದೆ. ವೈದ್ಯರು ಕಾಯಿಲೆಯ ಜೋರು ಅಳೆಯಲು 28 ಕೀಲುಗಳನ್ನು ಒತ್ತಿ ನೋಡಿ ಒಂದು ಅಂಕ ಹಾಕುತ್ತಾರೆ. ಆ ಅಂಕದಲ್ಲಿ ಸುಸ್ತಿಗೆ ಅಂತ ಜಾಗವೇ ಇಲ್ಲ. ಔಷಧಿಗಳ ಪ್ರಯೋಗಗಳಲ್ಲಿ ಸುಸ್ತನ್ನೂ ಅಳೆಯಬೇಕು ಅಂತ ಸಂಧಿವಾತ ತಜ್ಞರ ಒಂದು ಅಂತಾರಾಷ್ಟ್ರೀಯ ಗುಂಪು ಒಪ್ಪಿ ಹೇಳಿದ್ದೇ 2007ರಲ್ಲಿ. ಅದಕ್ಕೇ ನಾನು ಈಗ ಪ್ರತಿ ಸಲ ವೈದ್ಯರ ಮುಂದೆ ಕೂತಾಗ ಕೇಳುವ ಮೊದಲೇ ಹೇಳಿಬಿಡುತ್ತೇನೆ: "ಡಾಕ್ಟ್ರೇ, ಸುಸ್ತು ಹೀಗಿದೆ."

ಇನ್ನು ಸ್ನಾನದ ವಿಷಯ. ಸ್ನಾನದಿಂದ ಯಾರಿಗಾದರೂ ಸುಸ್ತಾಗುತ್ತದಾ ಅನ್ನಿಸಬಹುದು. ಆ ಹೊತ್ತಲ್ಲಿ ಮೈ ಏನೇನು ಮಾಡುತ್ತದೆ ನೋಡಿ. ಬೆಳಗಿನ ಬಿಗಿತ ಇನ್ನೂ ಬಿಟ್ಟಿರುವುದಿಲ್ಲ. ನುಣುಪು ನೆಲದ ಮೇಲೆ ಜಾರದಂತೆ ಕಾಲನ್ನು ಬಿಗಿ ಹಿಡಿದು ನಿಲ್ಲಬೇಕು. ತಲೆ ತೊಳೆಯಲು ಎರಡೂ ಕೈ ಭುಜದ ಮೇಲೆ ಎತ್ತಿ ಹಿಡಿದಿರಬೇಕು. ಪಾದಕ್ಕೆ ಸೋಪು ಹಚ್ಚಲು ಬಗ್ಗಿ ಒಂಟಿಕಾಲಲ್ಲಿ ನಿಲ್ಲಬೇಕು. ಬಿಸಿನೀರಿಗೆ ರಕ್ತನಾಳ ಹಿಗ್ಗಿ ರಕ್ತ ಕಾಲಿಗೆ ಇಳಿಯುತ್ತದೆ, ಹೃದಯ ಜೋರಾಗಿ ಬಡಿದುಕೊಳ್ಳಬೇಕು. ಆಮೇಲೆ ಟವೆಲ್ ಹಿಂಡಿ ಮೈ ಉಜ್ಜುವುದು. ಇಷ್ಟಾಗುವ ಹೊತ್ತಿಗೆ ನಾನು ಹಾಸಿಗೆಯ ತುದಿಯಲ್ಲಿ ಒದ್ದೆ ಕೂದಲಲ್ಲೇ ಒರಗುತ್ತಿದ್ದೆ. ಶಾಲೆಗೆ ಹೊರಡುವ ಮೊದಲೇ ಆ ದಿನದ ಶಕ್ತಿಯಲ್ಲಿ ದೊಡ್ಡ ಪಾಲು ಬಾತ್‌ರೂಮಿನಲ್ಲಿ ಮುಗಿದಿರುತ್ತಿತ್ತು. ಮೊದಲ ಪಾಠ ಹೇಗೋ ಮಾಡುತ್ತಿದ್ದೆ. ಮಧ್ಯಾಹ್ನದ ಪಾಠಕ್ಕೆ ಮಕ್ಕಳಿಗೆ ನನ್ನಿಂದ ಸಿಗುತ್ತಿದ್ದದ್ದು ಏನೇನೂ ಸಾಲದು.

ಕುರ್ಚಿಯ ಮಾತು ಎತ್ತಿದ್ದು ಆಕ್ಯುಪೇಶನಲ್ ಥೆರಪಿಸ್ಟ್, ಅಂದರೆ ಕಾಯಿಲೆ ಇದ್ದರೂ ದಿನದ ಕೆಲಸಗಳನ್ನು ಸುಲಭವಾಗಿ ಮಾಡುವುದು ಹೇಗೆ ಅಂತ ಹೇಳಿಕೊಡುವವರು. ದಿನವೂ ಮಾಡಲೇಬೇಕಾದ ಕೆಲಸಗಳಲ್ಲಿ ಕೂತು ಮಾಡಬಹುದಾದದ್ದು ಯಾವುದು ಅಂತ ಪಟ್ಟಿ ಬರೆಸಿದರು. ಸ್ನಾನದ ಹೆಸರು ನನಗೆ ಹೊಳೆದೇ ಇರಲಿಲ್ಲ, ಅವರೇ ಸೇರಿಸಿದರು.

ಕೂತು ಸ್ನಾನ ಮಾಡಲು ಶುರು ಮಾಡಿದ ಮೊದಲ ವಾರದಲ್ಲೇ ವ್ಯತ್ಯಾಸ ಗೊತ್ತಾಯಿತು. ಸುಸ್ತು ಹೋಗಲಿಲ್ಲ. ಆದರೆ ಸ್ನಾನ ಮುಗಿಸಿ ನೇರ ಬಟ್ಟೆ ಹಾಕಿಕೊಳ್ಳಲು ಆಯಿತು, ನಡುವೆ ಮಲಗಬೇಕಾಗಲಿಲ್ಲ. ಹಿಡಿಯ ಮೇಲೆ ಮೊಣಕೈ ಊರಿ ಒಂದೊಂದೇ ಕೈಯಲ್ಲಿ ತಲೆ ತೊಳೆಯಬಹುದು. ಪಾದವನ್ನು ಇನ್ನೊಂದು ಮಂಡಿಯ ಮೇಲೆ ಎತ್ತಿಟ್ಟು ತೊಳೆಯಬಹುದು. ಸಾಕಾಯಿತು ಅನ್ನಿಸಿದರೆ ನಡುವೆ ಒರಗಿ ಉಸಿರು ಬಿಡಬಹುದು. ನಿಂತಿದ್ದಾಗ ಆ ನಿಲುಗಡೆಯೇ ಇರಲಿಲ್ಲ ಅಲ್ವಾ? ಮಧ್ಯಾಹ್ನದ ಪಾಠದಲ್ಲಿ ಬೋರ್ಡಿನ ಮುಂದೆ ನಿಲ್ಲಲು ಈಗ ಕಾಲಲ್ಲಿ ಏನೋ ಉಳಿದಿರುತ್ತದೆ. ನನಗೆ ಬೇಕಾಗಿದ್ದದ್ದು ಅದೇ.

ಈಗ ಕುರ್ಚಿಯ ಕೊರತೆಗಳು. ದೊಡ್ಡದು ಎತ್ತರ ಬದಲಿಸುವ ಗುಂಡಿ. ಪ್ರತಿ ಕಾಲಲ್ಲೂ ಸ್ಪ್ರಿಂಗ್ ಇರುವ ಒಂದು ಲೋಹದ ಗುಂಡಿ. ಅದನ್ನು ಹೆಬ್ಬೆರಳಲ್ಲಿ ಒಳಗೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಕೊಳವೆ ಎಳೆಯಬೇಕು. ಹೆಬ್ಬೆರಳ ಬುಡದಲ್ಲಿ ಊತ ಇರುವವರಿಗೆ ಇದು ಆಗುವ ಮಾತಲ್ಲ. ಕೀಲುನೋವು ಇರುವವರೇ ಕೊಳ್ಳುವ ವಸ್ತುವಿಗೆ ಗಟ್ಟಿ ಬೆರಳು ಬೇಕಾದ ಗುಂಡಿ ಇಡುವುದು ನನಗೆ ನಿಜಕ್ಕೂ ಬೇಸರ ತರಿಸಿತು. ನನ್ನ ಯಜಮಾನರು ಕೂತು ಹೊಂದಿಸಿಕೊಟ್ಟರು. ಒಮ್ಮೆ ಹೊಂದಿಸಿದರೆ ಮತ್ತೆ ಮುಟ್ಟಬೇಕಾಗಿಲ್ಲ ಅನ್ನುವುದೊಂದೇ ಸಮಾಧಾನ. ಮನೆಯಲ್ಲಿ ಒಬ್ಬರೇ ಇರುವವರು ಕೊಳ್ಳುವಾಗಲೇ ಹೊಂದಿಸಿಕೊಡಲು ಕೇಳಿ. ನಾಲ್ಕೂ ಗುಂಡಿ ಒಂದೇ ಮಟ್ಟದ ತೂತಿನಿಂದ ಪೂರ್ತಿ ಹೊರಗೆ ಬಂದಿವೆಯಾ ಅಂತ ನೋಡದೆ ಕೂರಬೇಡಿ.

ಎತ್ತರ ಎಷ್ಟಿರಬೇಕು? ಕೂತಾಗ ಪಾದ ಎರಡೂ ನೆಲಕ್ಕೆ ಪೂರ್ತಿ ಊರಬೇಕು, ಸೊಂಟ ಮಂಡಿಗಿಂತ ಸ್ವಲ್ಪ ಮೇಲಿರಬೇಕು. ಮಂಡಿ ನೋವಿದ್ದರೆ ತಗ್ಗಿನ ಸೀಟಿನಿಂದ ಏಳುವುದೇ ಒಂದು ಶಿಕ್ಷೆ. ಏಳುವಾಗ ಹಿಡಿಯನ್ನು ಬೆರಳಲ್ಲಿ ಬಿಗಿಯಾಗಿ ಹಿಡಿದು ಎಳೆಯಬಾರದು, ಅಂಗೈ ಚಪ್ಪಟೆಯಾಗಿ ಊರಿ ಮೈ ಮೇಲೆತ್ತಬೇಕು. ಬೆರಳ ಕೀಲುಗಳಿಗೆ ಅಷ್ಟು ಭಾರ ಕಡಿಮೆಯಾಗುತ್ತದೆ. ಈ ಕಾರಣಕ್ಕೇ ಕೈ ಹಿಡಿ ಇಲ್ಲದ ಸ್ಟೂಲ್ ಮಾದರಿ ನಮ್ಮಂಥವರಿಗೆ ಬೇಡ ಅನ್ನುತ್ತೇನೆ. ಜಾಗ ಕಡಿಮೆ ಸಾಕು ಅನ್ನುವ ಆಸೆಗೆ ಅದನ್ನು ಆರಿಸಬೇಡಿ. ಹಾಗೇ, ಮನೆಯಲ್ಲಿರುವ ಮಾಮೂಲಿ ಪ್ಲಾಸ್ಟಿಕ್ ಕುರ್ಚಿ ಸಾಕು ಅನ್ನುವವರಿದ್ದಾರೆ. ಸೋಪಿನ ನೀರಿರುವ ನೆಲದಲ್ಲಿ ಅದರ ಕಾಲು ಜಾರುತ್ತದೆ. ಆ ಉಳಿತಾಯ ಬೇಡ.

ಸೀಟು ಬೆಳಗ್ಗೆ ಕೊರೆಯುವಷ್ಟು ತಣ್ಣಗಿರುತ್ತದೆ. ಮೊದಲು ಅದರ ಮೇಲೆ ಬಿಸಿನೀರು ಹಾಯಿಸಿ ಕೂರಬೇಕು. ಸೀಟಿನ ಅಡಿಯಲ್ಲಿ ಸೋಪಿನ ಲೋಳೆ ಕಟ್ಟುತ್ತದೆ, ಅದನ್ನು ಉಜ್ಜಲು ಬಗ್ಗಬೇಕು. ಆ ಕೆಲಸ ನಮ್ಮ ಮನೆಯಲ್ಲಿ ಮಗಳದ್ದು. ಅಲ್ಯೂಮಿನಿಯಂ ತುಕ್ಕು ಹಿಡಿದಿಲ್ಲ, ಒರಗಿನ ಸ್ಕ್ರೂಗಳು ಮಾತ್ರ ಕೆಂಪಾಗಿವೆ. ಕುರ್ಚಿ ಹಗುರ ಇದೆ, ಆದರೂ ಎತ್ತಲು ಬೆರಳು ಬಳಸದೆ ಮುಂಗೈ ತೂರಿಸಿ ಎತ್ತುತ್ತೇನೆ.

ಕುರ್ಚಿಯ ಜೊತೆಗೆ ಕೈ ಶವರ್ ಬೇಕೇ ಬೇಕು. ಕೊಕ್ಕೆಯನ್ನು ಕೂತಾಗ ಕೈಗೆಟುಕುವ ಎತ್ತರಕ್ಕೆ ಹಾಕಿಸಿ, ಇಲ್ಲದಿದ್ದರೆ ಪ್ರತಿ ಸಲ ಎದ್ದು ಕೂರುವುದರಲ್ಲೇ ಲಾಭವೆಲ್ಲ ಹೋಗುತ್ತದೆ. ಸೋಪಿನ ಬಿಲ್ಲೆ ಬದಲು ಅಂಗೈಯಲ್ಲಿ ಒತ್ತುವ ಪಂಪ್ ಬಾಟಲಿ ಇಟ್ಟುಕೊಂಡಿದ್ದೇನೆ. ಬೆನ್ನು ತೊಳೆಯುವ ಉದ್ದ ಬ್ರಷ್ ಕೊಳ್ಳುವುದಾದರೆ ದಪ್ಪ ಹಿಡಿಯದ್ದು ಕೊಳ್ಳಿ, ತೆಳ್ಳಗಿದ್ದರೆ ಬೆರಳು ಜಾಸ್ತಿ ಬಿಗಿಯಬೇಕಾಗುತ್ತದೆ. ಮೈ ಒರೆಸುವ ಬದಲು ದಪ್ಪ ಹತ್ತಿ ಟವೆಲ್ ಬಟ್ಟೆಯ ನಿಲುವಂಗಿ ತೊಟ್ಟು ಸುಮ್ನೆ ಕೂತರೆ ನೀರನ್ನು ಅದೇ ಹೀರಿಕೊಳ್ಳುತ್ತದೆ. ನೀರು ತುಂಬಾ ಬಿಸಿ ಬೇಡ. ತಲೆಸ್ನಾನವನ್ನು ಮೆಥೊಟ್ರೆಕ್ಸೇಟ್ ತೆಗೆದುಕೊಂಡ ಮರುದಿನ ಇಟ್ಟುಕೊಳ್ಳುವುದಿಲ್ಲ. ಕೆಲವು ದಿನ ಸ್ನಾನವನ್ನೇ ರಾತ್ರಿಗೆ ತಳ್ಳುತ್ತೇನೆ. ಮಲಗುವ ಒಂದೆರಡು ಗಂಟೆ ಮುಂಚೆ ಬೆಚ್ಚಗಿನ ನೀರು ಬಿದ್ದರೆ ನಿದ್ದೆಯೂ ಬೇಗ ಹತ್ತುತ್ತದೆ.

ಮನೆಗೆ ತಂದ ದಿನ ಮಗಳು ಕೇಳಿದಳು: "ಅಮ್ಮಾ, ಇದು ಅಜ್ಜಿಗಲ್ವಾ?" ಪ್ರಶ್ನೆ ಮುಗ್ಧವಾದದ್ದು, ಆದರೆ ನನಗೆ ಗಂಟಲು ಕಟ್ಟಿತು. ಈ ಕುರ್ಚಿ ಕೊಳ್ಳಲು ಹಿಂಜರಿಯುವವರಿಗೆ ಬೆಲೆಗಿಂತ ದೊಡ್ಡ ತಡೆ ಇದೇ ಅಂತ ನನ್ನ ನಂಬಿಕೆ. ಕೂತುಬಿಟ್ಟರೆ ಸೋತಂತೆ ಅನ್ನಿಸುತ್ತದೆ. ನನಗೆ ಅತ್ತೆ ಒಂದು ಮಾತು ಹೇಳಿದರು: "ನಿಂತು ಸ್ನಾನ ಮಾಡಿದರೆ ಯಾರಾದರೂ ಬಹುಮಾನ ಕೊಡ್ತಾರೇನಮ್ಮ?" ಆಮೇಲೆ ನಾನು ಆ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ.

ಕುರ್ಚಿಯಿಂದ ಆಗದ್ದೂ ಇದೆ. ಸುಸ್ತು ಇದ್ದಕ್ಕಿದ್ದಂತೆ ಹೆಚ್ಚಾದರೆ ಕುರ್ಚಿ ಕೊಳ್ಳುವ ಮೊದಲು ವೈದ್ಯರ ಹತ್ತಿರ ಹೋಗಿ. ಹಿಮೋಗ್ಲೋಬಿನ್, ಥೈರಾಯ್ಡ್, ಉರಿಯೂತ ತೋರಿಸುವ ಇಎಸ್‌ಆರ್, ಸಿಆರ್‌ಪಿ ನೋಡಬೇಕಾಗಬಹುದು. ಈ ಕಾಯಿಲೆ ಇರುವವರಲ್ಲಿ ಥೈರಾಯ್ಡ್ ತೊಂದರೆ ಬೇರೆಯವರಿಗಿಂತ ಜಾಸ್ತಿ. ಇನ್ನೊಂದು, ಕೂತು ಸ್ನಾನ ಮಾಡುವುದು ಅಂದರೆ ದಿನವೆಲ್ಲ ಕೂತಿರುವುದಲ್ಲ. ಯುರೋಪಿನ ಸಂಧಿವಾತ ತಜ್ಞರ ಸಂಘಟನೆ ಯೂಲಾರ್ ಸುಸ್ತಿನ ಬಗ್ಗೆ 2023ರಲ್ಲಿ ಸಿದ್ಧಪಡಿಸಿದ ಸಲಹೆಗಳಲ್ಲಿ, ಅವರವರಿಗೆ ತಕ್ಕ ದೈಹಿಕ ಚಟುವಟಿಕೆಯನ್ನೇ ಒತ್ತಿ ಹೇಳಿದೆ. ಸುಸ್ತಾಗಿದೆ ಅಂತ ಪೂರ್ತಿ ಮಲಗಿದರೆ ಸ್ನಾಯು ಸೋತು ಸುಸ್ತು ಇನ್ನೂ ಬೆಳೆಯುತ್ತದೆ. ನಾನು ಬಾತ್‌ರೂಮಿನಲ್ಲಿ ಉಳಿಸಿದ್ದರಲ್ಲಿ ಸ್ವಲ್ಪವನ್ನು ಸಂಜೆಯ ನಡಿಗೆಗೆ ಹಾಕುತ್ತೇನೆ. ಚೆನ್ನಾಗಿರುವ ದಿನ ಎಲ್ಲ ಕೆಲಸ ಒಟ್ಟಿಗೆ ಮುಗಿಸಿ ಮುಂದಿನ ಎರಡು ದಿನ ಬಿದ್ದುಕೊಳ್ಳುವ ಬದಲು, ದಿನವೂ ಅಷ್ಟಷ್ಟೇ.

ಸ್ನಾನ ಆದ ಮೇಲೆ ಒರಗಬೇಕು ಅನ್ನಿಸುವ ಎಲ್ಲರಿಗೂ ಈ ಕುರ್ಚಿಯನ್ನು ಹೇಳುತ್ತೇನೆ, ವಯಸ್ಸು ಎಷ್ಟೇ ಇರಲಿ. ಕೊಳ್ಳುವ ಮೊದಲು ಬಾತ್‌ರೂಮಿನ ಜಾಗ ಅಳೆದುಕೊಳ್ಳಿ, ಕುರ್ಚಿ ಇಟ್ಟ ಮೇಲೆ ಬಾಗಿಲು ಪೂರ್ತಿ ತೆರೆಯಬೇಕು. ಸೀಟಿನ ಅಡಿಯಲ್ಲಿ ಬರೆದಿರುವ ತೂಕದ ಮಿತಿ ಓದಿ. ಅಂಗಡಿಯಲ್ಲೇ ಒಮ್ಮೆ ಕೂತು, ಅಂಗೈ ಊರಿ ಎದ್ದು ನೋಡಿ. ಕಾಲಿನ ತುದಿಗೆ ರಬ್ಬರ್ ಬೂಟು ಇರುವುದನ್ನೇ ಆರಿಸಿ. ಕೆಲವು ಕುರ್ಚಿಗಳ ಕಾಲಿಗೆ ಅದರ ಬದಲು ಇರುವ, ನೆಲವನ್ನು ಹೀರಿ ಹಿಡಿಯುವ ಬಟ್ಟಲಿನಂಥ ತುದಿಗಳು (ಸಕ್ಷನ್ ಕಪ್) ಒರಟು ಟೈಲ್ಸ್ ಮೇಲೆ ನಿಲ್ಲುವುದಿಲ್ಲ, ನುಣುಪು ಟೈಲ್ಸ್ ಮೇಲೆ ನಿಂತರೂ ಕೀಳಲು ಬೆರಳಲ್ಲಿ ಎಳೆಯಬೇಕಾಗುತ್ತದೆ. ರಬ್ಬರ್ ಬೂಟು ಸವೆಯುತ್ತದೆ. ಆಗಾಗ ಕುರ್ಚಿ ಮಗುಚಿ ನೋಡಿ, ಗೆರೆಗಳು ಅಳಿಸಿ ನುಣುಪಾಗಿದ್ದರೆ ಹೊಸದು ಹಾಕಿಸಿ. ಕೊಳ್ಳುವಾಗಲೇ ಒಂದು ಜೊತೆ ಹೆಚ್ಚಿಗೆ ಕೇಳಿ ಇಟ್ಟುಕೊಂಡರೆ ಒಳ್ಳೆಯದು.