16ಎಕ್ಸ್ ಜೂಮ್ ಅಂತ ನಂಬಿ ಕ್ಯಾಮೆರಾ ತಗೋಬೇಡಿ, ನಾನು ತಗೊಂಡು ಕೆಟ್ಟೆ

ಕ್ಯಾಮೆರಾ ತಗೊಳ್ಳೋಕೆ ಬೆಂಗಳೂರಿನ ಎಸ್.ಪಿ. ರೋಡ್ ಕಡೆ ಹೋಗುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹೆಸರೇ ಕೇಳಿರದ ಬ್ರ್ಯಾಂಡ್, ಡಬ್ಬದ ಮೇಲೆ ದಪ್ಪಕ್ಷರದಲ್ಲಿ 4ಕೆ, 16ಎಕ್ಸ್ ಜೂಮ್, ನೈಟ್ ವಿಷನ್. ಇಂಥ ಹ್ಯಾಂಡಿಕ್ಯಾಮ್ ಯಾರಾದರೂ ತೋರಿಸಿದರೆ ಕೈಗೂ ತಗೋಬೇಡಿ. ನಾನು 19,500 ರೂಪಾಯಿ ಕೊಟ್ಟು ತಂದೆ. ದುಡ್ಡು ಹೋಯಿತು, ಮೂರು ದಿನದ ಕೆಲಸ ಹೋಯಿತು. ಕೆಲಸ ಕೊಟ್ಟವರ ಮುಂದೆ ತಲೆ ತಗ್ಗಿಸಿ ನಿಲ್ಲಬೇಕಾಯಿತು. ಬರೆಯುವುದಕ್ಕೂ ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತೇನೆ.

ನನ್ನದು ಖಾಸಗಿ ಪತ್ತೇದಾರಿ ಕೆಲಸ. ಹೆಚ್ಚಿನದು ಇನ್ಶೂರೆನ್ಸ್ ಕ್ಲೇಮ್ ವಿಚಾರಣೆ. ಆಕ್ಸಿಡೆಂಟಲ್ಲಿ ಸೊಂಟ ಹೋಗಿದೆ, ಕೋಲಿಲ್ಲದೆ ಹೆಜ್ಜೆ ಇಡೋಕಾಗಲ್ಲ ಅಂತ ಲಕ್ಷಗಟ್ಟಲೆ ಕೇಳಿದವರು ನಿಜವಾಗಿ ಹೇಗೆ ಓಡಾಡುತ್ತಾರೆ ಅಂತ ರಸ್ತೆಯಿಂದ ರೆಕಾರ್ಡ್ ಮಾಡಬೇಕು. ರಸ್ತೆಯಿಂದ ಮಾತ್ರ. ಮನೆಯೊಳಗೆ, ಕಿಟಕಿಯೊಳಗೆ ನಾನು ಯಾವತ್ತೂ ಕ್ಯಾಮೆರಾ ತಿರುಗಿಸಿದವನಲ್ಲ. ಈ ಕೆಲಸಕ್ಕೆ ಬೇಕಾದ್ದು ಮೂರೇ: ದೂರದಿಂದ ಮುಖ ಗುರುತು ಸಿಗಬೇಕು, ಸಂಜೆ ಬೆಳಕಲ್ಲೂ ಸಿಗಬೇಕು, ತಾರೀಖು ಸಮಯ ಸರಿಯಾಗಿರಬೇಕು. ಹೊಸ ಕ್ಯಾಮೆರಾದಲ್ಲಿ ಮೂರೂ ಇರಲಿಲ್ಲ.

ಮೊದಲು ನನ್ನ ಹತ್ತಿರ ಸೋನಿ ಸಿಎಕ್ಸ್405 ಇತ್ತು. ಬರೀ ಫುಲ್ ಎಚ್‌ಡಿ. ಆದರೆ 30ಎಕ್ಸ್ ಆಪ್ಟಿಕಲ್ ಜೂಮ್, ಅಂದರೆ ಲೆನ್ಸೇ ಮಾಡುವ ನಿಜವಾದ ಜೂಮ್. 60 ಮೀಟರ್ ದೂರದ ಮನುಷ್ಯ ಫ್ರೇಮ್ ತುಂಬ ಬರುತ್ತಿದ್ದ. ನನ್ನ ಕೈಯಿಂದಲೇ ಜಾರಿ ಬಿದ್ದು ಹೋಯಿತು. ಸೋಮವಾರ ಹೊಸ ಕೇಸ್ ಶುರು. ಶನಿವಾರ ಮಧ್ಯಾಹ್ನ ಓಡಿದೆ. ಅರ್ಜೆಂಟಲ್ಲಿ ಹೋದೆ ನೋಡಿ, ಅದೇ ನನ್ನ ಮೊದಲ ತಪ್ಪು.

ಅಂಗಡಿಯವನು ನನ್ನ ಅವಸರ ಮುಖದಲ್ಲೇ ಓದಿರಬೇಕು. "ಹ್ಯಾಂಡಿಕ್ಯಾಮ್ ಈಗ ಯಾರು ಸಾರ್ ತಗೋತಾರೆ, ಕಂಪನಿ ಪೀಸ್ ಸಿಗಲ್ಲ, ಇದು ನೋಡಿ" ಅಂತ ಡಬ್ಬ ತೆಗೆದ. ನಾನು ಸುಮ್ನೆ ತಗೊಳ್ಳಲಿಲ್ಲ. ಕೇಳಿದೆ, "ಇದು ಆಪ್ಟಿಕಲ್ ಜೂಮಾ?" ಬಾಯಿಬಿಟ್ಟು ಕೇಳಿದೆ. ಅವನು ಏನಂದ ಗೊತ್ತಾ? "ಸಾರ್, ಫುಲ್ ಜೂಮ್ ಸಾರ್." ಆಪ್ಟಿಕಲ್ ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಬೇರೆಯವರು ಪ್ರಶ್ನೆ ತಪ್ಪಿಸಿದರೆ ತಕ್ಷಣ ಹಿಡಿಯುವವನು ನಾನು. ಅವತ್ತು ಹಿಡಿಯಲಿಲ್ಲ.

ಕ್ಯಾಮೆರಾವನ್ನು ಬಾಗಿಲಿಗೆ ತಿರುಗಿಸಿ ಎದುರು ಸಾಲಿನ ಅಂಗಡಿಯ ಬೋರ್ಡ್ ತೋರಿಸಿದ. ಬಟನ್ ಒತ್ತಿದ. ಮೂರು ಇಂಚಿನ ಸ್ಕ್ರೀನಲ್ಲಿ ಬೋರ್ಡಿನ ಅಕ್ಷರಗಳು ಸರಸರ ಹತ್ತಿರ ಬಂದವು. "ಫೋನ್ ನಂಬರ್ ಓದಿ ಸಾರ್" ಅಂದ. ಓದಿದೆ. ಹತ್ತೂ ಅಂಕಿ ಸರಿಯಾಗಿ ಓದಿದೆ! ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ. ಆ ರಸ್ತೆ ಎಷ್ಟು ಅಗಲ ಇದೆ? ಆಟೋ ಎರಡು ಪಕ್ಕಪಕ್ಕ ಹೋದರೆ ಹೆಚ್ಚು. ಆ ಬೋರ್ಡ್ ಬರಿಗಣ್ಣಿಗೇ ಕಾಣುತ್ತಿತ್ತು. ಅಷ್ಟು ಚಿಕ್ಕ ಸ್ಕ್ರೀನಲ್ಲಿ ಎಂಥ ಚಿತ್ರವೂ ಚೆನ್ನಾಗೇ ಕಾಣುತ್ತದೆ. ಬಿಸಿಲು ಬೇರೆ ಚೆನ್ನಾಗಿತ್ತು. ನಾನು ಯುಪಿಐ ಮಾಡಿ ಬಂದೆ. ಬಿಲ್ ಕೇಳಿದ್ದಕ್ಕೆ "ಜಿಎಸ್‌ಟಿ ಹಾಕಿದ್ರೆ ಜಾಸ್ತಿ ಆಗುತ್ತೆ ಸಾರ್" ಅಂತ ಎಸ್ಟಿಮೇಟ್ ಅನ್ನುವ ಹಳದಿ ಚೀಟಿ ಕೊಟ್ಟ. ಅದನ್ನೂ ಇಸ್ಕೊಂಡೆ.

ಸೋಮವಾರ ಬೆಳಗ್ಗೆ ಆರಕ್ಕೇ ಕಾರು ಹಾಕಿ ಕೂತೆ. ಮನುಷ್ಯ ಹೊರಗೆ ಬಂದ. ಕೋಲಿಲ್ಲ. ತುಂಬಿದ ನೀರಿನ ಕ್ಯಾನ್ ಹೆಗಲಿಗೆ ಏರಿಸಿಕೊಂಡು ಮೂರು ಮೆಟ್ಟಿಲು ಹತ್ತಿದ. ಎಷ್ಟೋ ಕೇಸಲ್ಲಿ ವಾರಗಟ್ಟಲೆ ಕಾದರೂ ಇಂಥ ದೃಶ್ಯ ಸಿಗುವುದಿಲ್ಲ. ಪೂರ್ತಿ ಜೂಮ್ ಮಾಡಿ ರೆಕಾರ್ಡ್ ಮಾಡಿದೆ. ಆ ಸ್ಕ್ರೀನಲ್ಲಿ ಅದೂ ಚೆನ್ನಾಗೇ ಕಂಡಿತು. ಮಂಗಳವಾರ, ಬುಧವಾರವೂ ಕೂತೆ. ಬುಧವಾರ ರಾತ್ರಿ ಲ್ಯಾಪ್‌ಟಾಪಿಗೆ ಹಾಕಿದೆ.

ಮುಖವೇ ಇಲ್ಲ. ಕಂದು ಬಣ್ಣದ ನಾಲ್ಕು ಚೌಕ, ಅದರ ಮೇಲೆ ಕಪ್ಪು ಕೂದಲಿನ ಒಂದು ಮಸಿ. ಅವನೂ ಆಗಬಹುದು, ಅವನ ತಮ್ಮನೂ ಆಗಬಹುದು, ನಾನೂ ಆಗಬಹುದು. ಕ್ಯಾನ್ ಮಾತ್ರ ನೀಲಿ ಅಂತ ಗೊತ್ತಾಗುತ್ತದೆ.

ಯಾಕೆ ಹೀಗೆ ಅಂತ ಆಮೇಲೆ ಕೂತು ಲೆಕ್ಕ ಹಾಕಿದೆ. ಆಪ್ಟಿಕಲ್ ಜೂಮಲ್ಲಿ ಒಳಗಿನ ಗಾಜು ಹಿಂದೆ ಮುಂದೆ ಸರಿದು ದೂರದ್ದನ್ನು ಹತ್ತಿರ ತರುತ್ತದೆ. ಡಿಜಿಟಲ್ ಜೂಮ್ ಅಂದರೆ ಸಿಕ್ಕ ಚಿತ್ರದ ನಡುವಿನ ತುಂಡು ಕತ್ತರಿಸಿ ಹಿಗ್ಗಿಸುವುದು, ಅಷ್ಟೇ. 4ಕೆ ಚಿತ್ರ ಅಡ್ಡಕ್ಕೆ 3840 ಪಿಕ್ಸೆಲ್. ಅದನ್ನು 16 ಪಟ್ಟು ಡಿಜಿಟಲ್ ಜೂಮ್ ಮಾಡಿದರೆ ಉಳಿಯುವುದು 240. ಅಗಲದ ಲೆನ್ಸು 60 ಮೀಟರ್ ದೂರದಲ್ಲಿ ಹೆಚ್ಚುಕಮ್ಮಿ 75 ಮೀಟರ್ ಬೀದಿಯನ್ನೇ ಹಿಡಿಯುತ್ತದೆ. ಅದರಲ್ಲಿ ಒಂದು ಮುಖಕ್ಕೆ ಬರುವುದು ಏಳೆಂಟು ಪಿಕ್ಸೆಲ್. ಅದೂ 4ಕೆ ನಿಜವಾಗಿದ್ದರೆ! ಸಣ್ಣ ಸೆನ್ಸರಿನ ಚಿತ್ರವನ್ನೇ ಎಳೆದು ದೊಡ್ಡದು ಮಾಡಿ 4ಕೆ ಅಂತ ಮಾರುವುದೂ ಉಂಟು.

ನೈಟ್ ವಿಷನ್ ಕಥೆ ಇನ್ನೂ ಕೆಟ್ಟದು. ಮುಂದೆ ಇನ್‌ಫ್ರಾರೆಡ್ ದೀಪ ಇದೆ ನಿಜ. ಕಾರಿನ ಗಾಜಿನ ಹಿಂದಿನಿಂದ ಹಾಕಿದರೆ ಬೆಳಕು ಗಾಜಿಗೆ ಬಡಿದು ವಾಪಸ್ ಬಂದು ಇಡೀ ಚಿತ್ರ ಬೆಳ್ಳಗಾಗುತ್ತದೆ. ಗಾಜು ಇಳಿಸಿದರೆ ದೀಪ ಮಂದವಾಗಿ ಕೆಂಪಗೆ ಹೊಳೆಯುತ್ತದೆ, ಎದುರಿನವರಿಗೆ ಕಾಣುತ್ತದೆ. ಯಾರಿಗೆ ಕಾಣಬಾರದು ಅಂತ ಕೂತಿದ್ದೇವೋ ಅವರಿಗೇ!

ಅದಕ್ಕಿಂತ ಮುಖ್ಯ, ತಾರೀಖು. ಬ್ಯಾಟರಿ ಬಿಚ್ಚಿ ಹಾಕಿದಾಗಲೆಲ್ಲ ಗಡಿಯಾರ 2019ರ ಜನವರಿ 1ಕ್ಕೆ ಹೋಗಿ ಕೂರುತ್ತದೆ. ಮೂರು ದಿನದ ಅರ್ಧಕ್ಕರ್ಧ ಕ್ಲಿಪ್ಪುಗಳ ಮೂಲೆಯಲ್ಲಿ ಅದೇ ತಾರೀಖು ಅಚ್ಚಾಗಿದೆ. ಇನ್ಶೂರೆನ್ಸ್ ಕಂಪನಿಯ ವಕೀಲರು ನೋಡಿ ಒಂದೇ ಮಾತು ಕೇಳಿದರು: "ಆಕ್ಸಿಡೆಂಟ್ ಆಗೋಕೆ ಮುಂಚಿನ ವಿಡಿಯೋ ಅಂತ ಅವರ ಕಡೆ ವಕೀಲರು ಹೇಳಿದ್ರೆ ನೀವೇನು ಉತ್ತರ ಕೊಡ್ತೀರಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ವಿಡಿಯೋದಂಥ ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಮೊದಲು ಎವಿಡೆನ್ಸ್ ಆಕ್ಟಿನ 65ಬಿ ಸೆಕ್ಷನ್ ಇತ್ತು, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್. ವಿಡಿಯೋ ಜೊತೆ ಸರ್ಟಿಫಿಕೇಟ್ ಕೊಡಬೇಕು, ಉಪಕರಣ ಸರಿಯಾಗಿ ಕೆಲಸ ಮಾಡುತ್ತಿತ್ತು ಅಂತ ಸಹಿ ಹಾಕಬೇಕು, ಫೈಲಿನ ಹ್ಯಾಶ್ ವ್ಯಾಲ್ಯೂ (ಫೈಲ್ ಬದಲಾಗಿಲ್ಲ ಅಂತ ತೋರಿಸುವ ಗುರುತಿನ ಸಂಖ್ಯೆ) ಬರೆಯಬೇಕು. ಈ ಕ್ಯಾಮೆರಾ ಸರಿಯಾಗಿ ಕೆಲಸ ಮಾಡುತ್ತಿತ್ತು ಅಂತ ನಾನು ಯಾವ ಬಾಯಲ್ಲಿ ಹೇಳಲಿ?

ಗುರುವಾರ ಅಂಗಡಿಗೆ ಹೋದೆ. "ನಿಮ್ಮ ಕೈ ನಡುಗಿದೆ ಸಾರ್, ಸ್ಟ್ಯಾಂಡ್ ತಗೊಳ್ಳಿ" ಅಂದ. ಸ್ಟ್ಯಾಂಡ್ ಮೇಲೇ ಇಟ್ಟಿದ್ದೆ ಅಂದೆ. "ಮೆಮೊರಿ ಕಾರ್ಡ್ ಪ್ರಾಬ್ಲಮ್" ಅಂದ. ಕಾರ್ಡೂ ಇಲ್ಲಿಂದಲೇ ತಗೊಂಡಿದ್ದು ಅಂದೆ. ಆಗ, "ಸೀಲ್ ಒಡೆದಿದೆ ಸಾರ್, ವಾಪಸ್ ಇಲ್ಲ." ಸೀಲ್ ಒಡೆದವನು ಅವನೇ, ನನ್ನ ಕಣ್ಣೆದುರಿಗೆ! ಆಪ್ಟಿಕಲ್ಲಾ ಅಂತ ಕೇಳಿದ್ದೆನಲ್ಲ ಅಂದರೆ, "ಡಬ್ಬದ ಮೇಲೆ ಡಿಜಿಟಲ್ ಅಂತ ಬರೆದಿದೆ, ಓದ್ಕೋಬೇಕಿತ್ತು." ತಿರುಗಿಸಿ ನೋಡಿದೆ. ಬರೆದಿದೆ. ಕೆಳಗೆ, ಬಾರ್‌ಕೋಡ್ ಪಕ್ಕ, ಇರುವೆ ಸಾಲಿನಷ್ಟು ಸಣ್ಣಕ್ಕೆ. ಆಮೇಲೆ ವಾಟ್ಸ್ಯಾಪಲ್ಲಿ ಆರು ಮೆಸೇಜ್ ಹಾಕಿದೆ. ಆರಕ್ಕೂ ನೀಲಿ ಟಿಕ್, ಉತ್ತರ ಇಲ್ಲ.

ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ. 2019ರ ಗ್ರಾಹಕ ರಕ್ಷಣೆ ಕಾಯ್ದೆ ಪ್ರಕಾರ ಬಿಲ್ ಕೊಡದಿರುವುದೂ, ದೋಷದ ಮಾಲು ವಾಪಸ್ ತಗೊಳ್ಳದಿರುವುದೂ ತಪ್ಪೇ. ಇತ್ಯರ್ಥವಾಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷದವರೆಗಿನ ದೂರಿಗೆ ಶುಲ್ಕ ಇಲ್ಲ. ಹಳದಿ ಚೀಟಿ, ಯುಪಿಐ ಸ್ಕ್ರೀನ್‌ಶಾಟ್ ಎರಡೂ ಎತ್ತಿಟ್ಟಿದ್ದೇನೆ.

ನೀವು ತಗೊಳ್ಳುವುದಾದರೆ ಲೆನ್ಸಿನೊಳಗೆ ಟಾರ್ಚ್ ಬಿಟ್ಟು ಜೂಮ್ ಒತ್ತಿ, ಗಾಜು ಸರಿಯುವುದು ಕಾಣಬೇಕು. ರೋಡಿನ ತುದಿಯಲ್ಲಿ ನಿಂತ ಮನುಷ್ಯನನ್ನು ತೆಗೆದು ನಿಮ್ಮದೇ ಲ್ಯಾಪ್‌ಟಾಪಲ್ಲಿ ನೋಡಿ. ಸಂಜೆ ಹೋಗಿ, ಮಧ್ಯಾಹ್ನ ಬೇಡ. ಬ್ಯಾಟರಿ ಬಿಚ್ಚಿ ಹಾಕಿ ತಾರೀಖು ನೋಡಿ. ಬಿಲ್ ಕೊಡಲ್ಲ ಅಂದರೆ ಎದ್ದು ಬನ್ನಿ. ಒಳ್ಳೆ ಕಂಪನಿಯ ಸೆಕೆಂಡ್ ಹ್ಯಾಂಡ್ ಹ್ಯಾಂಡಿಕ್ಯಾಮ್ ಇದಕ್ಕಿಂತ ನೂರು ಪಾಲು ವಾಸಿ. ಈಗ ಸ್ನೇಹಿತರದ್ದೊಂದು ಎರವಲು ತಂದು ಕೆಲಸ ಮಾಡುತ್ತಿದ್ದೇನೆ. ನೀರಿನ ಕ್ಯಾನ್ ಹೊತ್ತವರು ಆಮೇಲೆ ಕೋಲಿಲ್ಲದೆ ಹೊರಗೆ ಬಂದಿಲ್ಲ.

ಆ ಗುರುವಾರ ಅಂಗಡಿಯಿಂದ ಹೊರಡುವಾಗ ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗ ಅದೇ ಡಬ್ಬ ಹಿಡಿದು ನಿಂತಿದ್ದ. ಮದುವೆ ವಿಡಿಯೋ ಮಾಡುವ ಕೆಲಸಕ್ಕೆ ಅಂತೆ. "ತಗೋಬೇಡಪ್ಪ, ಇದು ಡಿಜಿಟಲ್ ಜೂಮ್" ಅಂದೆ. ಅಂಗಡಿಯವನು "ನೀವು ಹೊರಡಿ ಸಾರ್, ವ್ಯಾಪಾರ ಕೆಡಿಸಬೇಡಿ" ಅಂತ ಕೂಗಿದ. ಹುಡುಗ ಒಮ್ಮೆ ನನ್ನ ಮುಖ ನೋಡಿದ, ಒಮ್ಮೆ ಡಬ್ಬ ನೋಡಿದ. ನಾನು ಮೆಟ್ಟಿಲಿಳಿಯುವಾಗ ಎದುರು ಬೋರ್ಡಿನ ಫೋನ್ ನಂಬರನ್ನು ಒಂದೊಂದೇ ಅಂಕಿ ಓದುತ್ತಿದ್ದ.