ಸಂಕ್ರಾಂತಿ ರಜೆಗೆ ಮಲೆನಾಡಿನ ಕಾಡಲ್ಲಿ ಟೆಂಟ್ ಹಾಕಲು ಹೊರಟವರು ಇದನ್ನು ಓದಿ

ಹೋದ ಜನವರಿಯಲ್ಲಿ ನಾನು ಮೂರು ರಾತ್ರಿ, ನಾಲ್ಕು ಹಗಲು ಬ್ಯಾಗ್ ಹೊತ್ತುಕೊಂಡು ನಮ್ಮ ಮಲೆನಾಡಿನ ಕಾಡಲ್ಲಿ ನಡೆದೆ. ಬಂದ ಮೇಲೆ ಒಂಬತ್ತು ದಿನ ಆಸ್ಪತ್ರೆಯಲ್ಲಿ ಮಲಗಿದೆ. ಉಸಿರು ಕಟ್ಟದೆ ಮನೆಯ ಮೆಟ್ಟಿಲು ಹತ್ತುವ ಹೊತ್ತಿಗೆ ಏಪ್ರಿಲ್ ಬಂದಿತ್ತು. ನನಗೆ ಬಂದದ್ದು ಮಂಗನ ಕಾಯಿಲೆ, ಕಾಡಿನ ಉಣುಗು (ಉಣ್ಣೆ) ಕಚ್ಚಿ ಬರುವ ಜ್ವರ. ಈಗ ಅದೇ ಟ್ರೆಕ್‌ನ ಪೋಸ್ಟರ್ ಮತ್ತೆ ಓಡಾಡುತ್ತಿದೆ. ಅದೇ ಹಳ್ಳದ ಫೋಟೊ, ಅದೇ ಸಂಕ್ರಾಂತಿ ಹೊತ್ತಿನ ತಾರೀಖು. ನೋಡಿದ ಮೇಲೆ ಸುಮ್ನೆ ಇರಲು ಆಗಲಿಲ್ಲ.

ನಡೆಸಿದವರ ಹೆಸರು ಬರೆಯುವುದಿಲ್ಲ. ಊರಿನ ಹೆಸರನ್ನೂ ಬರೆಯುವುದಿಲ್ಲ. ಆ ಊರಿನವರ ತಪ್ಪು ಏನೂ ಇಲ್ಲ. ಅವರು ವರ್ಷ ವರ್ಷವೂ ಈ ಕಾಯಿಲೆಯ ಭಯದಲ್ಲೇ ಬೇಸಿಗೆ ಕಳೆಯುತ್ತಾರೆ. ಹೊಸನಗರ ತಾಲ್ಲೂಕು, ನಗರದಿಂದ ಮುಂದೆ, ಕೊಡಚಾದ್ರಿ ಕಾಣುವ ಕಡೆ ಅಂದರೆ ಸಾಕು.

ನಾನು ತೀರ್ಥಹಳ್ಳಿ ಕಡೆಯವಳು. ಕೆಲಸ ಬೆಂಗಳೂರಿನಲ್ಲಿ. ಆಫೀಸಿನ ನಾಲ್ಕು ಜನ ಹೊರಟಿದ್ದರು. "ನಿಮ್ಮೂರ ಕಡೆಯೇ ಅಲ್ವಾ, ನೀನೂ ಬಾ" ಅಂದರು. ಒಟ್ಟು ಹದಿನಾಲ್ಕು ಜನ. ಶಿವಮೊಗ್ಗಕ್ಕೆ ರಾತ್ರಿ ರೈಲು, ಅಲ್ಲಿಂದ ಟೆಂಪೊದಲ್ಲಿ ರಿಪ್ಪನ್‌ಪೇಟೆ, ಹೊಸನಗರ, ನಗರ. ಕೋಟೆ ನೋಡಿ, ತಿಂಡಿ ತಿಂದು, ಗುರುವಾರ ಬೆಳಿಗ್ಗೆ ನಡಿಗೆ ಶುರು ಮಾಡಿದೆವು.

ಜನವರಿಯ ಕಾಡು ಚಂದ ಇರುತ್ತದೆ, ಸುಳ್ಳು ಹೇಳುವುದಿಲ್ಲ. ಬೆಳಿಗ್ಗೆ ಮಂಜು, ಹತ್ತು ಗಂಟೆಗೆ ಹಿತವಾದ ಬಿಸಿಲು, ಹಳ್ಳದಲ್ಲಿ ಮೊಣಕಾಲಿನವರೆಗೆ ತಣ್ಣನೆ ನೀರು. ಮಳೆಗಾಲದಲ್ಲಿ ಹೆಜ್ಜೆಗೊಂದರಂತೆ ಕಾಲಿಗೆ ಹತ್ತುವ ಇಂಬಳ (ಜಿಗಣೆ) ಈಗ ಹುಡುಕಿದರೂ ಇಲ್ಲ. "ಇದೇ ಬೆಸ್ಟ್ ಸೀಸನ್. ಇಂಬಳ ಇಲ್ಲ, ಜಾರುವುದಿಲ್ಲ" ಅಂತ ಗೈಡ್ ಹುಡುಗ ಹೇಳಿದ. ನಾನೂ ತಲೆಯಾಡಿಸಿದೆ. ತಪ್ಪಾಗಿದ್ದು ಅಲ್ಲೇ. ಇಂಬಳ ಮರೆಯಾಗುವ ಕಾಲಕ್ಕೇ ಉಣುಗು ಏಳುತ್ತದೆ. ಮಳೆ ನಿಂತು, ಕಾಡು ಒಣಗಿ, ದರಗು (ಒಣ ಎಲೆ) ಬೀಳಲು ಶುರುವಾದ ಮೇಲೆ ಎಳೆ ಉಣುಗುಗಳು ನೆಲದ ತುಂಬ ಇರುತ್ತವೆ. ಡಿಸೆಂಬರ್‌ನಿಂದ ಮೇವರೆಗೆ ಅವುಗಳ ಕಾಲ. ಮಂಗನ ಕಾಯಿಲೆ ಜೋರಾಗುವುದೂ ಜನವರಿಯಿಂದ ಏಪ್ರಿಲ್‌ವರೆಗೆ. ಟ್ರೆಕ್ ನಡೆಸುವವರು ಒಳ್ಳೆಯ ಸೀಸನ್ ಅಂತ ಪೋಸ್ಟರ್ ಹಾಕುವುದು ಇದೇ ತಿಂಗಳುಗಳಿಗೆ.

ಆ ಎಳೆ ಉಣುಗು ಎಳ್ಳಿಗಿಂತ ಚಿಕ್ಕದು. ದನದ ಕಿವಿಯಲ್ಲಿ ಉಬ್ಬಿಕೊಂಡು ಕೂತಿರುವ ದೊಡ್ಡ ಉಣುಗನ್ನು ನೆನಪಿಸಿಕೊಂಡು ಹುಡುಕಿದರೆ ಇದು ಕಣ್ಣಿಗೆ ಬೀಳುವುದೇ ಇಲ್ಲ. ಕಚ್ಚಿದ್ದೂ ಗೊತ್ತಾಗುವುದಿಲ್ಲ.

ಮೊದಲ ರಾತ್ರಿ ಮರಗಳ ಕೆಳಗೆ, ದರಗಿನ ಮೇಲೆಯೇ ಟೆಂಟ್ ಹಾಕಿದರು. ಮೆತ್ತಗಿದೆ, ಹಾಸಿಗೆಯ ಹಾಗಿದೆ ಅಂತ ಎಲ್ಲರಿಗೂ ಖುಷಿ. ನನಗೆ ಒಂದು ಕ್ಷಣ ಏನೋ ಚುಚ್ಚಿತು. ಚಿಕ್ಕವಳಿದ್ದಾಗ ಅಮ್ಮ ಕೊಟ್ಟಿಗೆಗೆ ದರಗು ತಂದ ದಿನ ನಮ್ಮನ್ನು ಹತ್ತಿರ ಸೇರಿಸುತ್ತಿರಲಿಲ್ಲ. ನೇರ ಬಚ್ಚಲಿಗೆ ಹೋಗಿ, ಬಿಸಿನೀರು ಹೊಯ್ದುಕೊಂಡು, ಉಟ್ಟ ಬಟ್ಟೆಯನ್ನು ಹಂಡೆಯ ಬಿಸಿನೀರಿಗೇ ಹಾಕುತ್ತಿದ್ದಳು. ಅದು ಗೊತ್ತಿದ್ದೂ ಬಾಯಿ ತೆರೆಯಲಿಲ್ಲ. ದುಡ್ಡು ತೆಗೆದುಕೊಂಡು ನಡೆಸುವವರಿಗೆ ಗೊತ್ತಿರುತ್ತದೆ ಅಂದುಕೊಂಡೆ. ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತದೆ.

ಒಂದು ದಿನದ ಚಾರಣಕ್ಕೂ ನಾಲ್ಕು ದಿನದ ನಡಿಗೆಗೂ ಇರುವ ವ್ಯತ್ಯಾಸ ನನಗೆ ಆಮೇಲೆ ಅರ್ಥವಾಯಿತು. ಬೆಳಿಗ್ಗೆ ಹೋಗಿ ಸಂಜೆ ಬಂದರೆ ಸ್ನಾನ ಮಾಡುತ್ತೀರಿ, ಬಟ್ಟೆ ಬದಲಿಸುತ್ತೀರಿ. ನಾವು ಭಾರ ಕಡಿಮೆ ಮಾಡಲು ಎರಡೇ ಜೊತೆ ಬಟ್ಟೆ ಒಯ್ದಿದ್ದೆವು. ಹಗಲು ಹಾಕಿದ್ದರಲ್ಲೇ ರಾತ್ರಿ ಮಲಗಿದೆವು. ದಣಿದಾಗಲೆಲ್ಲ ಬ್ಯಾಗನ್ನು ನೆಲಕ್ಕೆ ಇಳಿಸಿ ಅದಕ್ಕೇ ಒರಗಿ ಕೂತೆವು. ನೆಲದಿಂದ ಬ್ಯಾಗಿಗೆ, ಬ್ಯಾಗಿನಿಂದ ಬೆನ್ನಿಗೆ, ಬೆನ್ನಿನಿಂದ ಟೆಂಟಿನೊಳಗೆ. ಉಣುಗಿಗೆ ನಾವೇ ದಾರಿ ಮಾಡಿಕೊಟ್ಟಂತಾಯಿತು.

ನಮ್ಮ ಜೊತೆ ಇದ್ದ ಒಬ್ಬ ಗೆಳತಿ ಎರಡು ವರ್ಷ ಜರ್ಮನಿಯಲ್ಲಿದ್ದವಳು. ಅಲ್ಲಿಂದ ಆಸ್ಟ್ರಿಯಾದ ಬೆಟ್ಟಗಳಿಗೆ ವಾರಗಟ್ಟಲೆ ನಡೆಯಲು ಹೋಗುತ್ತಿದ್ದಳಂತೆ. ಆ ಕಡೆ ಉಣುಗಿನಿಂದ ಮೆದುಳಿಗೆ ಬರುವ ಒಂದು ಜ್ವರ ಇದೆ. ಅದಕ್ಕೆ ಲಸಿಕೆ ಹಾಕಿಸಿಕೊಂಡೇ ಹೋಗುತ್ತಿದ್ದಳು. ಪ್ರತಿ ರಾತ್ರಿ ಒಬ್ಬರ ಬೆನ್ನು, ಕುತ್ತಿಗೆ ಇನ್ನೊಬ್ಬರು ಟಾರ್ಚ್ ಹಿಡಿದು ನೋಡುತ್ತಿದ್ದರಂತೆ. ಆ ಜ್ವರದ ವೈರಸ್ಸೂ ನಮ್ಮ ಮಂಗನ ಕಾಯಿಲೆಯ ವೈರಸ್ಸೂ ಒಂದೇ ಗುಂಪಿನವು. ಅವಳು ಇಲ್ಲಿ ಒಂದು ರಾತ್ರಿಯೂ ಹಾಗೆ ನೋಡಿಕೊಳ್ಳಲಿಲ್ಲ. "ಯಾರೂ ಹೇಳಲಿಲ್ಲ, ಹಾಗಾಗಿ ಇಲ್ಲಿ ಇಲ್ಲವೇನೋ ಅಂದುಕೊಂಡೆ" ಅಂದಳು. ಹೊರದೇಶಕ್ಕೆ ಹೋಗುವಾಗ ನಾಲ್ಕು ಕಡೆ ಓದಿಕೊಂಡು ಹೋಗುತ್ತೇವೆ. ನಮ್ಮದೇ ಕಾಡಿಗೆ ಬರುವಾಗ ಏನೂ ಕೇಳುವುದಿಲ್ಲ, ಯಾಕೆ?

ಎರಡನೇ ದಿನ ಮಧ್ಯಾಹ್ನ ಒಂದು ಸೊಪ್ಪಿನ ಬೆಟ್ಟದ ಅಂಚಿನಲ್ಲಿ ಹೋಗುತ್ತಿದ್ದೆವು. ದನ ಹೊಡೆದುಕೊಂಡು ಬರುತ್ತಿದ್ದ ಒಬ್ಬ ಅಜ್ಜ ನಿಂತು ಹೇಳಿದರು, "ಆ ಕಡೆ ಹೋಗ್ಬೇಡಿ ಮಾರಾಯ್ರೆ. ಹಳ್ಳದ ಹತ್ರ ಮಂಗ ಸತ್ತಿದೆ. ಆಸ್ಪತ್ರೆಯವ್ರಿಗೆ ಹೇಳಿದೀವಿ, ಇನ್ನೂ ಬಂದಿಲ್ಲ." ಗೈಡ್ ಹುಡುಗ "ಆಯ್ತು ಅಜ್ಜ" ಅಂದ. ಅಜ್ಜ ಹೋದ ಮೇಲೆ ಅದೇ ಹಳ್ಳಕ್ಕೆ ಇಳಿಸಿದ. ನೀರು ಅಲ್ಲೇ ಇತ್ತಲ್ಲ. ಮೂಗಿಗೆ ವಾಸನೆ ಬಡಿಯಿತು. ನೂರು ಹೆಜ್ಜೆ ಆಚೆ ಹೋಗಿ ಕೂತು ಬುತ್ತಿ ಬಿಚ್ಚಿದೆವು.

ಅಜ್ಜ ಯಾಕೆ ಹಾಗೆ ಹೇಳಿದರು ಅಂತ ಹೇಳುತ್ತೇನೆ. ಕಾಯಿಲೆ ತಗುಲಿದ ಮಂಗ ಸತ್ತಾಗ ಅದರ ಮೈಯಲ್ಲಿದ್ದ ಉಣುಗುಗಳೆಲ್ಲ ಕೆಳಗೆ ಇಳಿಯುತ್ತವೆ. ಸುತ್ತಲಿನ ನೆಲ, ಪೊದೆ, ದರಗು ಎಲ್ಲ ವೈರಸ್ ಹೊತ್ತ ಉಣುಗಿನಿಂದ ತುಂಬುತ್ತದೆ. ಆಮೇಲೆ ಅಲ್ಲಿ ಓಡಾಡುವ ಯಾರಿಗಾದರೂ ಹತ್ತಬಹುದು. ಅದಕ್ಕೇ ಮಂಗ ಸತ್ತ ಸುದ್ದಿ ಬಂದರೆ ಇಲಾಖೆಯವರು ಬಂದು ಪರೀಕ್ಷೆಗೆ ಮಾದರಿ ತೆಗೆದು, ದೇಹ ಸುಟ್ಟು, ಸುತ್ತ ಕೀಟನಾಶಕ ಹಾಕುತ್ತಾರೆ. 1957ರಲ್ಲಿ ಈ ರೋಗ ಮೊದಲು ಗೊತ್ತಾದದ್ದೂ ಮಂಗಗಳ ಸಾವಿನಿಂದಲೇ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಲೋಕವೆಲ್ಲ ಇದನ್ನು ಕ್ಯಾಸನೂರು ಫಾರೆಸ್ಟ್ ಡಿಸೀಸ್ ಅಂತಲೇ ಕರೆಯುತ್ತದೆ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಇದು ಎಷ್ಟು ಮನೆಗಳಲ್ಲಿ ಸಾವು ತಂದಿತು ಅಂತ ನಮ್ಮ ಜಿಲ್ಲೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ಕೊಡಚಾದ್ರಿ ಹತ್ತಿದ್ದು, ಸರ್ವಜ್ಞ ಪೀಠದ ಹತ್ತಿರ ಸೂರ್ಯ ಮುಳುಗುವುದನ್ನು ನೋಡಿದ್ದು, ಅದೆಲ್ಲ ಬರೆಯಲು ಈಗ ಮನಸ್ಸಿಲ್ಲ. ಭಾನುವಾರ ರಾತ್ರಿ ಬಸ್ಸು ಹತ್ತಿದೆವು.

ಗುರುವಾರ ಮಧ್ಯಾಹ್ನ ಆಫೀಸಿನಲ್ಲಿ ಕೂತಿದ್ದಾಗಲೇ ಚಳಿ ಶುರುವಾಯಿತು. ಒಂದು ಗಂಟೆಯೊಳಗೆ ಮೈ ಕೆಂಡ. ಉಣುಗು ಕಚ್ಚಿ 3ರಿಂದ 8 ದಿನಕ್ಕೆ ಜ್ವರ ಬರುತ್ತದೆ, ಅಂದರೆ ಟ್ರಿಪ್ ಮುಗಿಸಿ ಊರು ಸೇರಿ, ಅದನ್ನು ಮರೆತ ಮೇಲೆ. ಹಣೆ ಒಡೆದು ಹೋಗುವಂಥ ತಲೆನೋವು. ಸೊಂಟ, ಮೀನಖಂಡ ಯಾರೋ ಹಿಂಡಿದ ಹಾಗೆ. ಕಣ್ಣು ಕೆಂಪು. ಹತ್ತಿರದ ಕ್ಲಿನಿಕ್‌ಗೆ ಹೋದೆ. ವೈರಲ್ ಜ್ವರ ಅಂದರು. ಡೆಂಗಿ ಪರೀಕ್ಷೆ ಮಾಡಿಸಿದರು, ಇರಲಿಲ್ಲ. ಕಾಡಿಗೆ ಹೋಗಿದ್ದಿರಾ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ನೋವು ತಡೆಯಲಾರದೆ ಮೆಡಿಕಲ್ ಶಾಪಿನಿಂದ ನಾನೇ ಐಬುಪ್ರೊಫೆನ್ ತಂದು ನುಂಗಿದೆ. ರಕ್ತ ಸೋರುವ ಸಾಧ್ಯತೆ ಇರುವ ಜ್ವರದಲ್ಲಿ ಐಬುಪ್ರೊಫೆನ್, ಆಸ್ಪಿರಿನ್ ಮುಟ್ಟಬಾರದು. ಅದು ಗೊತ್ತಾಗಿದ್ದು ಆಸ್ಪತ್ರೆಯಲ್ಲಿ ಬೈಸಿಕೊಂಡಾಗ. ಐದನೇ ದಿನ ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬಂತು.

ಅವತ್ತು ಅಮ್ಮ ಫೋನ್ ಮಾಡಿದಳು. ಎರಡು ದಿನದಿಂದ ಅವಳ ಕರೆ ತೆಗೆದಿರಲಿಲ್ಲ, ಗಾಬರಿಯಾಗುತ್ತಾಳೆ ಅಂತ.

"ಜ್ವರ ಯಾವತ್ತಿಂದ?"

"ಗುರುವಾರದಿಂದ."

"ನೀನು ಕೊಡಚಾದ್ರಿ ಕಡೆ ಹೋಗಿದ್ಯಲ್ಲ, ಅಲ್ಲಿ ಎಲ್ಲಾದ್ರೂ ಮಂಗ ಸತ್ತಿತ್ತೇನೆ?"

ನನಗೆ ಮಾತು ಹೊರಡಲಿಲ್ಲ. ಹಳ್ಳದ ವಾಸನೆ ಮೂಗಿಗೆ ಬಂದ ಹಾಗಾಯಿತು. ಹೌದು ಅಂದೆ.

"ಈಗ್ಲೇ ದೊಡ್ಡಾಸ್ಪತ್ರೆಗೆ ಹೋಗು. ಅವರಾಗಿ ಕೇಳ್ಲಿ ಅಂತ ಕೂರ್ಬೇಡ. ಶಿವಮೊಗ್ಗದ ಕಾಡಿಗೆ ಹೋಗಿದ್ದೆ, ಮಂಗನ ಕಾಯಿಲೆ ಇರ್ಬಹುದು ಅಂತ ಬಾಯಿಬಿಟ್ಟು ಹೇಳು."

ಹೇಳಿದೆ. ಡಾಕ್ಟರ ಮುಖವೇ ಬದಲಾಯಿತು. ಪ್ಲೇಟ್‌ಲೆಟ್ 42 ಸಾವಿರಕ್ಕೆ ಇಳಿದಿತ್ತು, ಬಿಳಿ ರಕ್ತಕಣವೂ ಕಡಿಮೆ. ರಕ್ತದ ಮಾದರಿ ಪರೀಕ್ಷೆಗೆ ಹೋಯಿತು. ಎರಡು ದಿನದ ಮೇಲೆ ಪಾಸಿಟಿವ್ ಅಂತ ಬಂತು. ಇದಕ್ಕೆಂದೇ ಔಷಧಿ ಇಲ್ಲ. ಡ್ರಿಪ್ ಹಾಕಿ, ಪ್ಯಾರಾಸಿಟಮಾಲ್ ಕೊಟ್ಟು, ರಕ್ತಸ್ರಾವ ಆಗದಂತೆ ನೋಡಿಕೊಳ್ಳುತ್ತಾರೆ. ಬೇಗ ಹೋದಷ್ಟೂ ಉಳಿಯುವ ದಾರಿ ಜಾಸ್ತಿ. ಕಾಯಿಲೆ ಬಂದ 100 ಜನರಲ್ಲಿ 3ರಿಂದ 5 ಜನ ಸಾಯುತ್ತಾರೆ. ನಮ್ಮೂರುಗಳಲ್ಲಿ ಮೊದಲು ಕೊಡುತ್ತಿದ್ದ ಹಳೆಯ ಲಸಿಕೆಯೂ ಈಗ ನಿಂತಿದೆ.

ಮನೆಗೆ ಬಂದು ವಾರವಾದ ಮೇಲೆ ಮತ್ತೆ ಜ್ವರ ಬಂತು. ಕೆಲವರಿಗೆ ಹೀಗೆ ಎರಡನೇ ಸುತ್ತು ಬರುತ್ತದೆ ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ಈ ಸಲ ಕೈ ನಡುಗುತ್ತಿತ್ತು. ಕಾಫಿ ಲೋಟ ಹಿಡಿಯಲು ಆಗಲಿಲ್ಲ. ಕಿಟಕಿಯ ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು. ಅಮ್ಮ ಬೆಂಗಳೂರಿಗೆ ಬಂದು ಒಂದು ತಿಂಗಳು ನನಗೆ ಗಂಜಿ ಕುಡಿಸಿದಳು.

ಆಸ್ಪತ್ರೆಯಿಂದಲೇ ಟ್ರೆಕ್‌ನ ವಾಟ್ಸಾಪ್ ಗುಂಪಿಗೆ ಬರೆದಿದ್ದೆ: ನನಗೆ ಮಂಗನ ಕಾಯಿಲೆ ಬಂದಿದೆ, ಯಾರಿಗಾದರೂ ಜ್ವರ ಇದ್ದರೆ ಪರೀಕ್ಷೆ ಮಾಡಿಸಿ ಅಂತ. ಹತ್ತು ನಿಮಿಷದಲ್ಲಿ ಆ ಸಂದೇಶ ಅಳಿಸಿದರು. ಸುಮ್ಮನೆ ಜನರನ್ನು ಹೆದರಿಸಬೇಡಿ ಅಂತ ನಡೆಸುವವರು ನನಗೊಬ್ಬಳಿಗೇ ಬರೆದರು. ನನಗೆ ಅತಿ ಹೆಚ್ಚು ಸಿಟ್ಟು ಬಂದದ್ದು ಆವಾಗ. ಮಂಗ ಸತ್ತ ಜಾಗಕ್ಕೆ ಇಳಿಸಿದ್ದು ಅದರ ಅಪಾಯ ತಿಳಿಯದೆ ಆಗಿರಬಹುದು, ಇದು ತಿಳಿದೂ ಮಾಡಿದ್ದು. ಗುಂಪಿನಲ್ಲಿದ್ದ ನಂಬರುಗಳಿಗೆ ಒಬ್ಬೊಬ್ಬರಿಗೇ ಕರೆ ಮಾಡಿದೆ. ಹುಬ್ಬಳ್ಳಿಯ ಒಬ್ಬ ಹುಡುಗ ನಾಲ್ಕು ದಿನದಿಂದ ಟೈಫಾಯ್ಡ್ ಅಂತ ಔಷಧಿ ತೆಗೆದುಕೊಳ್ಳುತ್ತಿದ್ದ. ಅವನಿಗೂ ಇದೇ. ಅವನೂ ಉಳಿದ, ದೇವರ ದಯೆ. ಉಳಿದವರಿಗೆ ಏನೂ ಆಗಲಿಲ್ಲ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ, ಅಷ್ಟು ಸಮಾಧಾನ.

ನಾವು ಮಲಗಿದ್ದ ಜಾಗಕ್ಕೆ ಅರಣ್ಯ ಇಲಾಖೆಯ ಅನುಮತಿಯೇ ಇರಲಿಲ್ಲ ಅಂತಲೂ ಆಮೇಲೆ ಗೊತ್ತಾಯಿತು. ಕೊಡಚಾದ್ರಿ ಮೂಕಾಂಬಿಕಾ ವನ್ಯಜೀವಿ ಧಾಮದೊಳಗೆ ಬರುತ್ತದೆ. ಕಂಡ ಕಂಡಲ್ಲಿ ಟೆಂಟ್ ಹಾಕುವ ಹಾಗಿಲ್ಲ. ಅನುಮತಿ ಪತ್ರ ತೋರಿಸಿ ಅಂತ ದುಡ್ಡು ಕಟ್ಟುವ ಮುಂಚೆ ಕೇಳಿ. ಆ ಭಾಗದಲ್ಲಿ ಈ ವರ್ಷ ಮಂಗ ಸತ್ತಿದೆಯಾ, ಜ್ವರ ಇದೆಯಾ ಅಂತಲೂ ಕೇಳಿ. ಉತ್ತರ ತಡವರಿಸಿದರೆ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ನೀವೇ ಫೋನ್ ಮಾಡಿ. ಆಶಾ ಕಾರ್ಯಕರ್ತೆಯರಿಗೆ ಯಾವ ಕಾಡಿನಲ್ಲಿ ಏನಾಗಿದೆ ಅಂತ ಗೊತ್ತಿರುತ್ತದೆ.

ಇಷ್ಟಾದರೂ ಹೋಗಲೇಬೇಕು ಅನ್ನುವವರು ಉದ್ದ ತೋಳಿನ ತಿಳಿ ಬಣ್ಣದ ಬಟ್ಟೆ ಹಾಕಿ, ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿ. ಕಾಡಿಗೆ ಹೋಗುವ ನಮ್ಮೂರಿನವರಿಗೆ ಆರೋಗ್ಯ ಇಲಾಖೆ ಡೇಪಾ ಎಣ್ಣೆ ಕೊಡುತ್ತದೆ. ಕೈಕಾಲಿಗೆ ಹಚ್ಚಿದರೆ ಕೆಲವು ಗಂಟೆ ಉಣುಗು ಹತ್ತುವುದಿಲ್ಲ, ಬೆವರಿದರೆ ಮತ್ತೆ ಹಚ್ಚಬೇಕು. ದರಗಿನ ಮೇಲೆ ಕೂರಬೇಡಿ, ಬ್ಯಾಗ್ ಇಡಬೇಡಿ. ರಾತ್ರಿ ಕಾಡಲ್ಲಿ ಮಲಗುವ ಬದಲು ಊರಿನ ಒಂದು ಮನೆಯಲ್ಲಿ ಉಳಿದು ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಯನ್ನು ಕುದಿ ನೀರಿಗೆ ಹಾಕಿ. ಕಂಕುಳು, ತೊಡೆ ಸಂದು, ಮೊಣಕಾಲಿನ ಹಿಂಬದಿ, ಕಿವಿಯ ಹಿಂದೆ ಬೆರಳಾಡಿಸಿ ನೋಡಿ. ಉಣುಗು ಸಿಕ್ಕರೆ ಚಿಮಟದಲ್ಲಿ ಚರ್ಮಕ್ಕೆ ತಾಗಿದಂತೆ ಹಿಡಿದು ನೇರಕ್ಕೆ ಎಳೆಯಿರಿ. ಉಗುರಲ್ಲಿ ಕುಕ್ಕಿ ಒಡೆಯಬೇಡಿ, ಬೀಡಿ ಬೆಂಕಿ ತಾಗಿಸಬೇಡಿ. ಬಂದ ಮೇಲೆ ಎರಡು ವಾರ ಸಣ್ಣ ಜ್ವರ ಬಂದರೂ ಡಾಕ್ಟರಿಗೆ ಕಾಡಿನ ಮಾತನ್ನು ಮೊದಲು ಹೇಳಿ.

ಮಲೆನಾಡಿಗೆ ಬರಬೇಡಿ ಅಂತ ನಾನು ಯಾವತ್ತೂ ಹೇಳುವುದಿಲ್ಲ, ಅದು ನನ್ನ ಊರು. ಅಕ್ಟೋಬರ್‌ನಲ್ಲಿ ಬನ್ನಿ. ಹಳ್ಳ ತುಂಬಿರುತ್ತದೆ, ಗದ್ದೆ ಹಸಿರಾಗಿರುತ್ತದೆ. ಇಂಬಳ ಹತ್ತುತ್ತದೆ, ಒಂದಿಷ್ಟು ಉಪ್ಪು, ಸುಣ್ಣ ಜೊತೆಗಿಟ್ಟುಕೊಳ್ಳಿ. ನಾನೂ ಈ ಅಕ್ಟೋಬರ್‌ನಲ್ಲಿ ಅಮ್ಮನ ಜೊತೆ ತೋಟದಾಚೆಯ ಹಳ್ಳದವರೆಗೆ ನಡೆದು ಬಂದೆ. ಕಾಲಿಗೆ ಮೂರು ಇಂಬಳ ಹತ್ತಿದ್ದವು. ಕಿತ್ತು ಹಾಕಿ ಮುಂದೆ ಹೋದೆವು.