ಮಲೆನಾಡ ಅಡುಗೆಮನೆಗೆ ಯಾವ ಕ್ಯಾಬಿನೆಟ್?

ಗೃಹಪ್ರವೇಶ ಹತ್ತಿರ, ದುಡ್ಡು ಕಮ್ಮಿ, ಅಡುಗೆಮನೆಗೆ ಯಾವ ಕ್ಯಾಬಿನೆಟ್ ಹಾಕಿಸಲಿ ಅಂತ ಕೇಳಿದ್ದೀರಿ. ಚಿಕ್ಕಮಗಳೂರಲ್ಲಿ ಮೊದಲು ನೋಡಬೇಕಾದ್ದು ಮಳೆಗಾಲದ ತೇವ.

ಪಾರ್ಟಿಕಲ್ ಬೋರ್ಡ್ (ಮರದ ಚೂರು ಅಂಟು ಬೆರೆಸಿ ಒತ್ತಿದ ಹಲಗೆ) ಅಗ್ಗ, ಕೆಲಸವೂ ಬೇಗ ಮುಗಿಯುತ್ತದೆ. ಆದರೆ ಸಿಂಕ್ ಕೆಳಗೆ ನೀರು ಸೋರಿದರೆ ಅಂಚು ಉಬ್ಬುತ್ತದೆ, ಸ್ಕ್ರೂ ಸಡಿಲವಾಗಿ ಬಾಗಿಲು ಜೋತುಬೀಳುತ್ತದೆ. ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ. ನೀರು ತಾಗದ ಮೇಲಿನ ಕಪಾಟಿಗಾದರೆ ಸಾಕು.

ಐಎಸ್ 710 (ನೀರು ತಡೆಯುವ ಮರೈನ್ ಪ್ಲೈವುಡ್‌ನ ಭಾರತೀಯ ಮಾನಕ) ಗುರುತಿನ ಪ್ಲೈವುಡ್ ತೇವ ತಡೆಯುತ್ತದೆ, ಸ್ಕ್ರೂ ಗಟ್ಟಿಯಾಗಿ ಹಿಡಿಯುತ್ತದೆ. ಖರ್ಚು ಜಾಸ್ತಿ. ಬಡಗಿ ಮನೆಯಲ್ಲೇ ಕೊಯ್ದು ಮೇಲೆ ಲ್ಯಾಮಿನೇಟ್ (ತೆಳು ಹೊದಿಕೆ) ಅಂಟಿಸಲು ಸಮಯವೂ ಬೇಕು. ಸ್ವಂತ ಮನೆ, ಅವಸರ ಇಲ್ಲ ಅಂದ್ರೆ ನಾನು ಇದನ್ನೇ ಹೇಳುತ್ತೇನೆ. ಪ್ಲೈವುಡ್ ಹಾಳೆಯ ಮೇಲಿನ ಆ ಮುದ್ರೆ ನೀವೇ ಕಣ್ಣಾರೆ ನೋಡಿ.

ಅಲ್ಯೂಮಿನಿಯಂಗೆ ಗೆದ್ದಲಿನ ಕಾಟವಿಲ್ಲ. ತೆಳು ಶೀಟ್ ಆದರೆ ತಗ್ಗು ಬೀಳುತ್ತದೆ, ಅಷ್ಟೇ. ಕಡಪ ಕಲ್ಲಿನ ಕಟ್ಟೆ ಈಗಾಗಲೇ ಇದ್ದರೆ ಕೆಳಗೆ ಬರೀ ಅಲ್ಯೂಮಿನಿಯಂ ಫ್ರೇಮ್, ಬಾಗಿಲು ಕೂರಿಸಿ. ಅವಸರಕ್ಕೂ ಜೇಬಿಗೂ ಅದೇ ಸುಲಭ.